ಅಮ್ಮ ಉಜ್ಜಿದ ಕನ್ನಡಿ

ತುಮಕೂರಿನ ಸತ್ಯಮಂಗಲದ ವರ್ಕ್‌ಶಾಪಿನ ಮಾಲೀಕರು ಮೊದಲು ಒಪ್ಪಲೇ ಇಲ್ಲ. ಬೈಕಿನ ಹೆಡ್‌ಲೈಟ್ ಡೂಮುಗಳ ಒಳಗೆ ಬೆಳ್ಳಿಯಂತೆ ಹೊಳೆಯುವ ಲೇಪ ಹಾಕುವುದು ಅವರ ಕಸುಬು. ಅಮ್ಮ ಸ್ಟೀಲ್ ಡಬ್ಬಿ ತೆರೆದು, ಹಳೇ ಸೀರೆಯ ಬಟ್ಟೆ ಬಿಡಿಸಿ, ಊಟದ ತಟ್ಟೆಗಿಂತ ಕೊಂಚ ಚಿಕ್ಕದಾದ ದಪ್ಪ ಗಾಜನ್ನು ತೋರಿಸಿದಾಗ ಅವರು ಮುಟ್ಟದೆ ಬಗ್ಗಿ ನೋಡಿದರು.

"ನಮ್ದು ಪ್ಲಾಸ್ಟಿಕ್ ಕೆಲ್ಸ ಮೇಡಂ. ಗಾಜು ಇದುವರ್ಗೂ ಹಾಕಿಲ್ಲ. ಒಡೆದ್ರೆ ನಾನು ಜವಾಬ್ದಾರಿ ಅಲ್ಲ."

"ಒಡೆದ್ರೆ ಚೂರು ಎತ್ಕೊಂಡ್ ಹೋಗ್ತೀವಿ. ನೀವು ಹಾಕಿ" ಎಂದಳು ಅಮ್ಮ.

ಅವಳು ಅಷ್ಟು ಸಲೀಸಾಗಿ ಹೇಳಿದಾಗ ನಾನು ಡಬ್ಬಿಯನ್ನು ನನ್ನ ಕಡೆ ಎಳೆದುಕೊಂಡೆ. ಆ ಗಾಜಿನಲ್ಲಿ ಎಷ್ಟು ದಿನಗಳ ದುಡಿಮೆ ಇದೆ ಎಂಬುದು ಮನೆಯಲ್ಲಿದ್ದ ನನಗೆ ಗೊತ್ತಿತ್ತು.

ಅಮ್ಮ ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದವಳು. ವರ್ಷ ವರ್ಷವೂ ಬೋರ್ಡಿನ ಮೇಲೆ ದೂರದರ್ಶಕದ ಚಿತ್ರ ಬರೆಯುತ್ತಿದ್ದಳು. ಒಂದು ಕೊಳವೆ, ತಳದಲ್ಲಿ ಒಳಕ್ಕೆ ತಗ್ಗಿದ ನಿಮ್ನ ದರ್ಪಣ, ಅದು ದೂರದ ಬೆಳಕನ್ನೆಲ್ಲ ತಂದು ಸೇರಿಸುವ ಸಂಗಮ ಬಿಂದು, ಕಣ್ಣಿಡುವ ಕಡೆ ನೇತ್ರಮಸೂರ. ಆದರೆ ಆ ಶಾಲೆಯಲ್ಲಿ ದೂರದರ್ಶಕವೇ ಇರಲಿಲ್ಲ. ರಿಟೈರ್ ಆಗುವವರೆಗೂ ಅವಳು ಒಂದು ಸಲವೂ ಅದರೊಳಗೆ ಇಣುಕಿರಲಿಲ್ಲ.

ರಿಟೈರ್ ಆದ ಮೇಲೆ ಕೊಂಡುಕೊಳ್ಳೋಣ ಅಂದೆ. ಬೇಡ, ಮಾಡ್ತೀನಿ ಅಂದಳು. ಯೂಟ್ಯೂಬ್ ನೋಡಿಕೊಂಡು ಗಾಜಿನ ಬಿಲ್ಲೆ, ಅರೆಯುವ ಪುಡಿ ತರಿಸಿದಳು. ಹಿತ್ತಲಲ್ಲಿ ಡ್ರಮ್ಮಿಗೆ ಮರಳು ತುಂಬಿ, ಅದರ ಮೇಲೆ ಒಂದು ಬಿಲ್ಲೆ ಕೂರಿಸಿ, ಇನ್ನೊಂದನ್ನು ಅದರ ಮೇಲೆ ಉಜ್ಜುತ್ತ ಡ್ರಮ್ಮಿನ ಸುತ್ತ ನಡೆಯುತ್ತಿದ್ದಳು. ಉಜ್ಜಿದಂತೆಲ್ಲ ಮೇಲಿನ ಗಾಜು ತಗ್ಗಾಗುತ್ತ ಬರುತ್ತದೆ. ಒರಟು ಪುಡಿ ಮುಗಿದರೆ ನಯದ್ದು, ಆಮೇಲೆ ಅದಕ್ಕಿಂತ ನಯದ್ದು. ಗೆರೆ ಬಿದ್ದರೆ ಮತ್ತೆ ಹಿಂದಿನ ಪುಡಿಗೆ. ಹತ್ತಿರ ಯಾರನ್ನೂ ಸೇರಿಸುತ್ತಿರಲಿಲ್ಲ. ಬ್ಯಾಂಕಿನಿಂದ ಬಂದ ನಾನು ಕೈ ತೊಳೆದುಕೊಂಡೇ ಹೋದರೂ "ದೂರ ನಿಲ್ಲು ಕಣೇ" ಅನ್ನುತ್ತಿದ್ದಳು.

ಕಡೆಯ ತಿಂಗಳುಗಳಲ್ಲಿ ಅವಳ ಬಲಗೈ ನಡುಗುತ್ತಿರುವುದು ಕಂಡೆ. ಕಾಫಿ ಲೋಟವನ್ನು ಅರ್ಧಕ್ಕೆ ಮಾತ್ರ ತುಂಬಿಸಿಕೊಳ್ಳುತ್ತಿದ್ದಳು. ಕೇಳಿದರೆ ಉಜ್ಜಿ ಉಜ್ಜಿ ಸೋತಿದೆ ಅನ್ನುತ್ತಿದ್ದಳು. ಡಾಕ್ಟರ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ನಮ್ಮಿಬ್ಬರ ನಡುವೆ ಆ ವಿಷಯ ಬಿಗಿದುಕೊಂಡೇ ಇತ್ತು.

ಎಷ್ಟು ನಯ ಮಾಡಿದರೂ ಬರೀ ಗಾಜು ತೊಟ್ಟಿಯ ನೀರಿನಷ್ಟೇ ಪ್ರತಿಬಿಂಬ ಕೊಡುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಕೂರಬೇಕು. ಅದಕ್ಕೇ ನಾನು ರಜೆ ಹಾಕಿ, ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಜೊತೆ ಇಲ್ಲಿಗೆ ಬಂದದ್ದು.

ಮಾಲೀಕರು ಕೊನೆಗೆ ಒಪ್ಪಿದರು. ಗಾಜನ್ನು ಮುಖ ಕೆಳಗೆ ಮಾಡಿ ತಂತಿಯಲ್ಲಿ ಕಟ್ಟಿ, ಹಂಡೆಯಂಥ ಕಬ್ಬಿಣದ ಕೋಣೆಯೊಳಗೆ ತೂಗುಹಾಕಿದರು. ಬಾಗಿಲು ಮುಚ್ಚಿ, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೊರಗೆಳೆಯಬೇಕು. ಗಾಳಿ ಖಾಲಿಯಾದ ಮೇಲೆ ಒಳಗಿರುವ ಅಲ್ಯೂಮಿನಿಯಂ ತುಣುಕುಗಳನ್ನು ಕಾಯಿಸಿದರೆ ಅದು ಆವಿಯಾಗಿ ಗಾಜಿನ ಮೇಲೆ ಕೂರುತ್ತದೆ.

ಪಂಪು ಗುರುಗುಟ್ಟುತ್ತಿತ್ತು. ಅಮ್ಮ ಕೋಣೆಯ ಸಣ್ಣ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಒಳಗೆ ಗಾಜು ತಂತಿಯಲ್ಲಿ ತುಸುವೇ ಅಲುಗುತ್ತಿದ್ದಂತೆ ನನಗೆ ಅನ್ನಿಸುತ್ತಿತ್ತು. ಗಾಳಿಯ ಒತ್ತಡ ತೋರಿಸುವ ಮಾಪಕದ ಮುಳ್ಳು ಇಳಿಯುತ್ತ ಇಳಿಯುತ್ತ ಇನ್ನೇನು ತಳಕ್ಕೆ ಬಂತು ಅನ್ನುವಾಗ ಕರೆಂಟು ಹೋಯಿತು.

ಮಾಲೀಕರು ಕತ್ತಲಲ್ಲೇ ಓಡಿ ಪಂಪಿಗೂ ಕೋಣೆಗೂ ನಡುವಿನ ವಾಲ್ವಿನ ಚಕ್ರ ತಿರುಗಿಸಿ ಮುಚ್ಚಿದರು. ಪಂಪಿನ ಸದ್ದು ನಿಂತುಹೋಗಿತ್ತು.

"ಏನಾಯ್ತು?" ಅಂದೆ.

"ಪಂಪಿನ ಎಣ್ಣೆ ಹಬೆ ಒಳಕ್ಕೆ ಬಂದಿರ್ಬೋದು. ಡೂಮ್ ಆಗಿದ್ರೆ ಬಿಸಾಕ್ತಿದ್ವಿ."

ಕರೆಂಟು ಬಂದ ಮೇಲೆ ಬಾಗಿಲು ತೆರೆದರು. ಗಾಜು ಬಿದ್ದಿರಲಿಲ್ಲ. ಆದರೆ ಓರೆ ಹಿಡಿದು ನೋಡಿದಾಗ ಒಂದು ಬದಿಯಲ್ಲಿ ನೀರ ಮೇಲೆ ಪೆಟ್ರೋಲು ಹರಡಿದಂಥ ಬಣ್ಣ ಕಂಡಿತು.

"ಇನ್ನೊಂದ್ ಸಲ ಹಾಕ್ಬೇಕಂದ್ರೆ ಪೂರ್ತಿ ತೊಳೀಬೇಕು ಮೇಡಂ. ನಾನು ಮುಟ್ಟಲ್ಲ" ಎಂದರು ಮಾಲೀಕರು.

ಟಬ್ಬಿನ ತಳಕ್ಕೆ ಟವೆಲ್ ಹಾಸಿ, ಸೋಪಿನ ನೀರು ಹಾಕಿ, ಅಮ್ಮ ಗಾಜನ್ನು ಅದರಲ್ಲಿಟ್ಟಳು. ಹತ್ತಿ ತೆಗೆದುಕೊಂಡಳು. ಅವಳ ಬೆರಳುಗಳು ಗಾಜಿನ ಮೇಲೆ ಇಳಿಯುವ ಮೊದಲೇ ಹತ್ತಿ ಅದುರತೊಡಗಿತು. ಕೈ ಹಿಂದಕ್ಕೆಳೆದುಕೊಂಡಳು. ಎಡಗೈಯಿಂದ ಬಲಮಣಿಕಟ್ಟು ಹಿಡಿದು ಮತ್ತೆ ನೋಡಿದಳು. ಆಗಲಿಲ್ಲ.

"ನೀನು ಒರಸು" ಅಂದಳು.

"ನಾನಾ?"

"ನನ್ ಕೈ ನೋಡ್ತಿದೀಯಲ್ಲ."

ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ತೋಳು ಮಡಚಿ ಕೂತೆ. ಸೋಪಿಗೆ ಗಾಜು ಮೀನಿನ ಹಾಗೆ ಜಾರುತ್ತಿತ್ತು.

"ಒತ್ತಬೇಡ. ಹತ್ತಿ ಅದರ ಭಾರಕ್ಕೆ ಅದೇ ಹೋಗ್ಲಿ. ಒಂದ್ ಸಲ ಎಳೆದಿದ್ದು ಬಿಸಾಕು, ಹೊಸದು ತಗೊ."

ಸೋಪು ಹೋದ ಮೇಲೆ ಬ್ಯಾಟರಿಗೆ ಹಾಕುವ ಶುದ್ಧ ನೀರು, ಆಮೇಲೆ ಸ್ಪಿರಿಟ್. ಕೊನೆಗೆ "ಈಗ ಮೆತ್ತಗೆ ಉಸಿರು ಬಿಡು" ಅಂದಳು. ಬಿಟ್ಟೆ. ಗಾಜಿನ ಮೇಲೆ ಮಂಜು ಒಂದೇ ಸಮನಾಗಿ ಹರಡಿ, ಒಂದೇ ಸಮನಾಗಿ ಆರಿತು. ಕೊಳೆ ಉಳಿದಿದ್ದರೆ ಮಂಜು ಅಲ್ಲಿ ತೇಪೆಯಾಗುತ್ತದಂತೆ.

ಎರಡನೇ ಸಲ ಪಂಪು ಶುರುವಾಯಿತು. ಮೇಲಿನ ಟ್ಯೂಬ್‌ಲೈಟ್ ಒಮ್ಮೆ ಮಿಟುಕಿತು. ಅಮ್ಮ ನನ್ನ ಮೊಣಕೈ ಹಿಡಿದುಕೊಂಡಳು, ಆ ನಡುಕ ನನ್ನ ಮೈಗೂ ಬಂತು. ಲೈಟು ನಿಂತುಕೊಂಡಿತು. ಮುಳ್ಳು ತಳ ಸೇರಿತು. ಮಾಲೀಕರು ಸ್ವಿಚ್ ತಿರುಗಿಸಿದರು. ಕಿಟಕಿಯೊಳಗೆ ಬೆಳಕು ಬಿಳಿಯಾಗಿ ಉರಿದು ಆರಿತು, ಆವಿ ಅಲ್ಲೂ ಕೂತು ಕಿಟಕಿಯೇ ಕನ್ನಡಿಯಾಗಿ ನಮ್ಮ ಮುಖ ತೋರಿಸಿತು.

ಬಾಗಿಲು ತೆರೆದಾಗ ಮಾಲೀಕರೇ ಮೊದಲು ನಕ್ಕರು. "ಬಂದೈತೆ ಬುಡಿ ಮೇಡಂ" ಅಂದರು.

ಆ ವಾರವೇ ಪಿವಿಸಿ ಪೈಪಿನ ಕೊಳವೆಗೆ ಅದನ್ನು ಕೂರಿಸಿದೆವು. ಸಂಜೆ ಬೆಳಕಿರುವಾಗಲೇ ತಾರಸಿಯಿಂದ ದೂರದರ್ಶಕವನ್ನು ಅರ್ಧ ಚಂದ್ರನ ಕಡೆ ತಿರುಗಿಸಿದೆ. ಕೈ ತಗುಲಿದರೆ ಚಿತ್ರ ಕುಣಿಯುತ್ತದೆಂದು ಅಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದಳು. ಬಹಳ ಹೊತ್ತು ಏಳಲಿಲ್ಲ.

"ಕುಳಿಗಳ ಗೋಡೆ ನೆರಳು ಕೂಡ ಕಾಣ್ತದೆ" ಅಂದಳು. ಆಮೇಲೆ, "ಆಚೆ ಹೋಗ್ತಾ ಇದೆ, ತಳ್ಳು. ಚಂದ್ರ ಓಡ್ತಾ ಇಲ್ಲ, ನಾವು ತಿರುಗ್ತಾ ಇರೋದು."

ನಾನು ಕೊಳವೆಯನ್ನು ಕೂದಲೆಳೆಯಷ್ಟು ಸರಿಸಿದೆ.

ಮೆಟ್ಟಿಲಿಳಿಯುವಾಗ ಅವಳೇ ಅಂದಳು, "ಸೋಮವಾರ ತುಮಕೂರಲ್ಲಿ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗು."

ನಾವಿಬ್ಬರೂ ಬಾಯಿಬಿಡದೆ ಹೆದರಿದ್ದ, ಮೈಯನ್ನೇ ಸೆಟೆಸುವ ನರದ ಕಾಯಿಲೆ ಅದಲ್ಲ ಎಂದರು ಡಾಕ್ಟರು. ಬರೀ ಕೈ ನಡುಕ, ಪೂರ್ತಿ ಹೋಗುವುದಿಲ್ಲ, ಮಾತ್ರೆಯಲ್ಲಿ ತಗ್ಗುತ್ತದೆ. ಬಸ್ಸಿನಲ್ಲಿ ವಾಪಸು ಬರುವಾಗ ಅಮ್ಮ ಕಿಟಕಿಗೆ ತಲೆಯಾನಿಸಿ ಗುಬ್ಬಿಯವರೆಗೂ ನಿದ್ದೆ ಮಾಡಿದಳು.