ನಾಲ್ಕು ಗಂಟೆಯ ಹಿಂಬಾಗಿಲು

ನಮ್ಮ ವೃದ್ಧಾಶ್ರಮದಲ್ಲಿ ಇಪ್ಪತ್ತಾರು ವರ್ಷ ಬಟ್ಟೆ ಒಗೆದವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ನಾನು ಅಲ್ಲಿ ಹೆಡ್ ನರ್ಸ್. ಮುದುಕರಿಗೆ ಮದ್ದು ಕೊಡುವವಳು ನಾನು, ಅವರನ್ನು ಬಲ್ಲವಳು ಅವಳು. ಇಷ್ಟು ತಿಳಿಯಲು ನನಗೆ ಹಿಡಿದ ಕಾಲ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಗ ನಮ್ಮಲ್ಲಿ ಕೆಲಸದವರು ಕಡಿಮೆ, ಸಿಟ್ಟು ಜಾಸ್ತಿ. ಮ್ಯಾನೇಜರ್ ನನ್ನ ಮೇಲೆ ಹರಿಹಾಯುತ್ತಿದ್ದರು, ನಾನು ಆಯಾಗಳ ಮೇಲೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವ ಹಾಗೆ, ಕೊನೆಗೆ ಅದೆಲ್ಲ ಹೋಗಿ ಬೀಳುತ್ತಿದ್ದುದು ಮುದುಕರ ಮೇಲೆ. ನಾವು ಬೈಯುತ್ತಿರಲಿಲ್ಲ, ಮಾತ್ರೆ ಕೊಡುತ್ತಿದ್ದೆವು.

ಐದನೇ ಕೋಣೆಯ ಅಮ್ಮ ಟೆಲಿಫೋನ್ ಆಪರೇಟರ್ ಆಗಿದ್ದವರು. ದಿನಾ ಸಂಜೆ ನಾಲ್ಕಕ್ಕೆ ಎದ್ದು ಬಾಗಿಲು ಬಡಿದು ಕೂಗಾಡುತ್ತಿದ್ದರು. ಒಮ್ಮೆ ಆಯಾಳ ಕೈ ಕಚ್ಚಿದರು. ನಾನೇ ಡಾಕ್ಟರಿಗೆ ಹೇಳಿ ಮಂಪರಿನ ಮಾತ್ರೆ ಶುರು ಮಾಡಿಸಿದೆ. ಕೂಗಾಟ ನಿಲ್ಲಲಿಲ್ಲ, ಆದರೆ ವಾರಕ್ಕೊಮ್ಮೆ ಬರುವ ಮಗಳ ಗುರುತು ಹೋಯಿತು. ಆದರೂ ಶುಕ್ರವಾರ ಡಾಕ್ಟರ್ ಬಂದಾಗ ಮಾತ್ರೆ ಎರಡರಷ್ಟು ಮಾಡಿಸಬೇಕೆಂದು ಬರೆದಿಟ್ಟಿದ್ದೆ.

ಬುಧವಾರ ಅಕ್ಕ ಬೆಡ್‌ಶೀಟಿನ ಗಂಟು ಹೊತ್ತು ಬಂದು ನಿಂತಳು.

"ಸಿಸ್ಟರ್, ಐದನೇ ಕೋಣೆಗೆ ಮಾತ್ರೆ ಕೊಡ್ತಿದೀರಾ?"

"ಯಾರು ಹೇಳಿದ್ದು ನಿನಗೆ?"

"ದಿಂಬಿನ ಕವರು. ಜೊಲ್ಲು ಸುರಿದು ಒದ್ದೆ ಮುದ್ದೆ. ಯಾವತ್ತೂ ಹಾಸಿಗೆ ಒದ್ದೆ ಮಾಡ್ಕೊಳ್ಳದವರು ಈಗ ದಿನಾ ಎರಡು ಬೆಡ್‌ಶೀಟು ಕಳಿಸ್ತಾರೆ."

"ನಿನ್ನ ಕೆಲಸ ನೀನು ನೋಡ್ಕೋ."

"ನೋಡ್ಕೊಂಡೇ ಬಂದೆ," ಎಂದು ಹೋದಳು.

ಮರುದಿನ ನಾಲ್ಕಕ್ಕೆ ಐದು ನಿಮಿಷ ಇರುವಾಗ ಐದನೇ ಕೋಣೆಯಿಂದ ಕರೆದಳು. ಅಮ್ಮ ಮಂಚದ ಮೇಲಿದ್ದರು, ಅವರ ಕುರ್ಚಿ ಖಾಲಿ. "ಇದರಲ್ಲಿ ಹತ್ತು ನಿಮಿಷ ಕೂತ್ಕೊಳ್ಳಿ ಸಿಸ್ಟರ್. ಬೈಯೋದಿದ್ರೆ ಆಮೇಲೆ ಬೈಯಿರಿ." ಕೂತೆ. ಅಲ್ಲಿಂದ ನೇರ ಮುಂಬಾಗಿಲು ಕಾಣುತ್ತಿತ್ತು. ಪಾಳಿ ಮುಗಿಯಿತು. ಆಯಾಗಳು ಏಪ್ರನ್ ಕಳಚಿ, ಹೆಗಲಿಗೆ ಚೀಲ ಹಾಕಿ, "ಬರ್ತೀವಮ್ಮಾ" ಎನ್ನುತ್ತ ಒಬ್ಬರ ಹಿಂದೊಬ್ಬರು ಹೊರಟರು. ಬಾಗಿಲು ಧಡ್ ಎಂದಿತು. ಅಮ್ಮ ನಡುಗುತ್ತ ಇಳಿದು ಮಂಚದ ಕೆಳಗೆ ತಮ್ಮ ಚೀಲ ತಡಕತೊಡಗಿದರು.

"ಎಲ್ರೂ ಗಂಟುಮೂಟೆ ಕಟ್ಕೊಂಡು ಹೊರಟ್ರೆ," ಅಕ್ಕ ಮೆಲ್ಲಗೆ ಅಂದಳು, "ನೀವೊಬ್ರೇ ಕೂತಿರ್ತೀರಾ?"

ಇಷ್ಟು ವರ್ಷದ ನರ್ಸ್ ನಾನು, ಆ ಕುರ್ಚಿಯಲ್ಲಿ ಒಂದು ದಿನವೂ ಕೂತಿರಲಿಲ್ಲ. ಎಂಥ ಕಣ್ಣು ಇವಳದು ಅನ್ನಿಸಿತು. ಇಂಥವಳಿಗೆ ನಿನ್ನ ಕೆಲಸ ನೋಡ್ಕೋ ಎಂದಿದ್ದೆನಲ್ಲ!

ಶುಕ್ರವಾರದಿಂದ ಎಲ್ಲರೂ ಬಟ್ಟೆ ಒಗೆಯುವ ಕೋಣೆಯ ಹಿಂಬಾಗಿಲಿಂದ ಮನೆಗೆ ಹೋಗಬೇಕೆಂದು ಹೇಳಿದೆ. ಬಸ್ ಸ್ಟಾಪಿಗೆ ಸುತ್ತಾಗುತ್ತದೆ ಎಂದು ಆಯಾಗಳು ಗೊಣಗಿದರು. "ಕಚ್ಚಿಸ್ಕೊಳ್ಳೋದಕ್ಕಿಂತ ನಡೆಯೋದು ವಾಸಿ ಕಣ್ರೇ," ಎಂದಳು ಅಕ್ಕ. ನಕ್ಕು ಒಪ್ಪಿದರು. ತಪ್ಪು ನನ್ನದೆಂದು ಡಾಕ್ಟರಿಗೆ ಹೇಳಿದೆ. ಅವರು ಮಾತ್ರೆಯನ್ನು ವಾರವಾರಕ್ಕೂ ಸ್ವಲ್ಪ ಸ್ವಲ್ಪ ಇಳಿಸಿದರು. ಆದರೂ ನಾಲ್ಕು ಗಂಟೆಯ ಕೂಗಾಟ ಮತ್ತೆ ಕೇಳಲಿಲ್ಲ. ಎರಡು ತಿಂಗಳಾದ ಮೇಲೆ ಅಮ್ಮ ಮಗಳನ್ನು ನೋಡಿ, "ಯಾಕೇ, ಇಷ್ಟು ಸೊರಗಿದೀಯ?" ಎಂದರು. ಮಗಳು ಹೊಸ್ತಿಲಲ್ಲೇ ಕೂತು ಅತ್ತಳು. ಆಮೇಲಿಂದ ಆಯಾಗಳೂ ಹೆದರದೆ ತಮಗೆ ತೋಚಿದ್ದನ್ನು ನನಗೆ ಹೇಳತೊಡಗಿದರು. ಯಾರಿಗೇ ಮಾತ್ರೆ ಬರೆಸುವ ಮುಂಚೆ ಅವರ ಕುರ್ಚಿಯಲ್ಲಿ ಕೂರುವುದು ನಮ್ಮ ನಿಯಮವಾಯಿತು.

ಅಕ್ಕ ನಿವೃತ್ತಳಾದ ದಿನ ನಾಲ್ಕಕ್ಕೆ, ಇವತ್ತೊಂದು ದಿನ ಮುಂದಿಂದ ಹೋದರೂ ನಡೆಯುತ್ತದೆ ಎಂದುಕೊಂಡು, ನಾವೆಲ್ಲ ಉಡುಗೊರೆ ಹಿಡಿದು ಮುಂಬಾಗಿಲಲ್ಲಿ ಕಾದೆವು. ಅವಳು ಬರಲೇ ಇಲ್ಲ. ಒಳಗೆ ಓಡಿ ನೋಡಿದರೆ ಹಿಂಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ಏಪ್ರನ್ ಇಸ್ತ್ರಿಯಾಗಿ ಮೇಜಿನ ಮೇಲಿತ್ತು, ಇನ್ನೂ ಬೆಚ್ಚಗೆ.

"ಮುಂದಿಂದ ಹೋದ್ರೆ ಅಮ್ಮ ನೋಡ್ತಾರಲ್ಲ ಸಿಸ್ಟರ್," ಎಂದು ಚೀಲ ಎತ್ತಿಕೊಂಡು ಹೊರಟಳು.

ನಾನು ಐದನೇ ಕೋಣೆಗೆ ಬಂದೆ. ಅಮ್ಮ ಟವೆಲ್ ಮಡಿಸುತ್ತ ಕೂತಿದ್ದರು.

"ಎಲ್ರೂ ಇದಾರಾ?" ಎಂದರು.

"ಇದಾರಮ್ಮ," ಎಂದೆ.