ಸಜ್ಜಾ ಮೇಲಿನ ಬೂದುಗುಂಬಳ

ಈ ವರ್ಷದ ಬೂದುಗುಂಬಳಕಾಯಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಹೋಗಿ ಕೂತದ್ದು ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿಗಳ ಕಿಟಕಿಯ ಬುಡದಲ್ಲಿ. ನಾನೇನು ಕೂರಿಸಿದ್ದಲ್ಲ. ನಾನು ಬೀಜ ಊರಿದ್ದು ಕೆಳಗೆ, ಹಿಂದಿನ ಕಾಂಪೌಂಡಿಗೂ ಮನೆಗೂ ನಡುವಿನ ಮಣ್ಣಿನಲ್ಲಿ. ಬಳ್ಳಿ ಅವರೆಯ ಚಪ್ಪರ ಹತ್ತಿತು, ಚಪ್ಪರದಿಂದ ಮಳೆನೀರಿನ ಪೈಪು ಹಿಡಿಯಿತು, ಪೈಪಿನಿಂದ ಸಜ್ಜಾ ಮೇಲೆ ಕಾಲಿಟ್ಟು, ಅಲ್ಲಿ ಒಂದು ಹೂ ಬಿಟ್ಟು, ಕಾಯಿ ಕಚ್ಚಿ ನಿಂತುಬಿಟ್ಟಿತು. ನನ್ನ ಅಡುಗೆಮನೆ ಕಿಟಕಿಗೆ ಅದು ಮೇಲಿನ ಸಜ್ಜಾ, ಅವರ ಅಡುಗೆಮನೆ ಕಿಟಕಿಗೆ ಕೆಳಗಿನದು. ಕಾಯಿ ಊದುತ್ತಾ ಹೋದಂತೆ ನನ್ನ ನಿದ್ದೆ ಸೊರಗುತ್ತಾ ಹೋಯಿತು. ಅದು ಉರುಳಿ ಯಾರ ತಲೆ ಮೇಲಾದರೂ ಬಿದ್ದರೆ? ಸಜ್ಜಾ ಬಿರುಕು ಬಿಟ್ಟರೆ? ಕಾರ್ಯದರ್ಶಿಗಳು ಕಿಟಕಿ ತೆಗೆದು ‘ಇದು ನಮ್ಮದು’ ಅಂದರೆ? ಚಿಂತೆ ಮಾಡುವುದರಲ್ಲಿ ನನಗೆ ಐವತ್ತು ವರ್ಷ ದಾಟಿದ ಅನುಭವವಿದೆ. ತರಕಾರಿ ಬೆಳೆಯುವುದರಲ್ಲಿ ಬರೀ ಏಳೆಂಟು.

ಎನ್.ಆರ್. ಕಾಲೋನಿಯ ನಮ್ಮ ಹಳೆಯ ಮನೆ ಕೆಡವಿ ಆರು ಫ್ಲ್ಯಾಟು ಎಬ್ಬಿಸಿದಾಗ ನೆಲಮಹಡಿ ನಮಗೆ ಬಂತು. ನಮಗೆ ಅಂದರೆ ನನಗೂ ನನ್ನ ಚಿಕ್ಕಮ್ಮನಿಗೂ. ಚಿಕ್ಕಮ್ಮ ಅಮ್ಮನ ತಂಗಿ, ಎಂಬತ್ತು ದಾಟಿದಾಕೆ. ಕಿವಿ ಸ್ವಲ್ಪ ಮಂದ, ನಾಲಿಗೆ ಮಂದವಲ್ಲ. ಕಟ್ಟಡದ ಹಿಂದೆ ಉಳಿದ ಓಣಿಯಷ್ಟು ಜಾಗ ಆರೂ ಮನೆಗೆ ಸೇರಿದ್ದು, ಆದ್ದರಿಂದ ಯಾರಿಗೂ ಬೇಡವಾದದ್ದು. ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟಿನ ಮೂಟೆ, ಒಂದು ಒಡಕು ಕಮೋಡು. ಅದನ್ನೆಲ್ಲ ಹೊರಹಾಕಿಸಿ, ಆರೂ ಮನೆಯ ತರಕಾರಿ ಸಿಪ್ಪೆ ಬೇಡಿ ತಂದು ಕೊಳೆಹಾಕಿ, ಕಾರ್ಯದರ್ಶಿಗಳ ಮನೆಯ ಕಾಫಿ ಗಸಿಯನ್ನೂ ಬಿಡದೆ ಸುರಿದು, ಮೊದಲ ವರ್ಷ ನಾನು ಬೆಳೆದದ್ದು ಬೆರಳಿನಷ್ಟು ಉದ್ದದ ಒಂದು ಬದನೆಕಾಯಿ. ಚಿಕ್ಕಮ್ಮ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟಳು. ಗೇಲಿಯೋ ಭಕ್ತಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಅದೇ ಜಾಗದಲ್ಲಿ ಅವರೆ, ಟೊಮೇಟೊ, ಬದನೆ, ಮೆಣಸಿನಕಾಯಿ, ದಂಟು. ಅವರೆಗೆ ಹೇನು ಹತ್ತಿದರೆ ಮೂಲೆಯ ಇಸ್ತ್ರಿ ಗಾಡಿಯಿಂದ ಇದ್ದಿಲ ಬೂದಿ ತಂದು ಉದುರಿಸುತ್ತೇನೆ. ಮೆಟ್ಟಿಲಿಳಿದು ಬರುವವರು ಸೊಗಡಿನ ವಾಸನೆ ಹಿಡಿದು, ‘ಏನ್ರೀ, ಕಾಳು ಬಲಿತಿದ್ಯಾ?’ ಎಂದು ಕೇಳುವಷ್ಟರ ಮಟ್ಟಿಗೆ ತೋಟಕ್ಕೆ ಹೆಸರು ಬಂದಿತ್ತು.

ಹೆಸರು ಬಂದದ್ದೇ ತಪ್ಪಾಯಿತೇನೋ. ದೀಪಾವಳಿ ಮುಗಿದ ಮೇಲೆ ಟೆರೇಸಿನಲ್ಲಿ ಸಂಘದ ಮೀಟಿಂಗು. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು, ಹಿಂದಿನ ಜಾಗಕ್ಕೆ ಇಂಟರ್‌ಲಾಕ್ ಟೈಲ್ಸ್ ಹಾಕಿಸಿದರೆ ಎರಡು ಕಾರು ನಿಲ್ಲಿಸಬಹುದು ಎಂದರು. ಅವರ ಕಾರು ಬೀದಿಯಲ್ಲೇ ನಿಲ್ಲುತ್ತದೆ. ಯಾರೋ ಪುಣ್ಯಾತ್ಮರು ಅದರ ಬಾಗಿಲಿನ ಉದ್ದಕ್ಕೂ ಮೊಳೆಯಿಂದ ಗೀರಿದ್ದರು. ಆ ಗೀರನ್ನು ಅವರು ಬೆಳಿಗ್ಗೆ ಹಾಲು ತರಲು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಸವರುವುದನ್ನು ನಾನೇ ನೋಡಿದ್ದೇನೆ. ಪಾಪ ಅನ್ನಿಸುತ್ತಿತ್ತು. ಎಲ್ಲರೂ ತಲೆಯಾಡಿಸಿದರು. ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದಾಗ ನನ್ನ ತಲೆಯೂ ತಾನಾಗಿ ಆಡಿತು. ಬಾಯಿಯಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು.

‘ಅವರೆ ಮುಗೀಲಿ ಸಾರ್. ರಥಸಪ್ತಮಿ ಕಳೆದ ಮೇಲೆ ನಾನೇ ಎಲ್ಲಾ ಕಿತ್ತು ಕ್ಲೀನ್ ಮಾಡಿಕೊಡ್ತೀನಿ.’

ಕೆಳಗೆ ಬಂದು ವಿಷಯ ಹೇಳಿದಾಗ ಚಿಕ್ಕಮ್ಮ ಹೂಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತಲಿಲ್ಲ.

‘ನಿನ್ನ ಕತ್ತು ಕೇಳಿದ್ರೂ ಅಳತೆ ಕೊಟ್ಟು ಬರ್ತೀಯಾ ಕಣೇ ನೀನು.’

ರಥಸಪ್ತಮಿ ಬಂದೇ ಬಂತು, ಹೋಗಿಯೂ ಹೋಯಿತು. ಸೋಮವಾರ ಮೇಸ್ತ್ರಿ ಬರುತ್ತಾನೆ, ದಯವಿಟ್ಟು ಭಾನುವಾರದೊಳಗೆ ಜಾಗ ಖಾಲಿ ಮಾಡಿಸಬೇಕು ಎಂದು ಸಂಘದ ವಾಟ್ಸಾಪಿನಲ್ಲಿ ಸೂಚನೆ ಬಂತು, ಕೆಳಗೆ ಕೈ ಮುಗಿದ ಚಿತ್ರ. ಉಳಿದ ನಾಲ್ಕು ಮನೆಯವರು ಹೆಬ್ಬೆರಳು ಎತ್ತಿದರು. ನಾನೂ ಎತ್ತಿದೆ.

ಭಾನುವಾರ ಬೆಳಿಗ್ಗೆ ಸೆರಗು ಸಿಕ್ಕಿಸಿ ಕೆಲಸಕ್ಕಿಳಿದೆ. ಮೊದಲು ಕಾಯಿ. ಟೊಮೇಟೊ ಹಣ್ಣು ಬೇರೆ, ದೋರೆ ಬೇರೆ, ಗೊಜ್ಜಿಗಾಗುವ ಹಸಿರು ಬೇರೆ. ಮೆಣಸಿನಕಾಯಿ ಸೆರಗಿಗೆ. ಬದನೆಯಲ್ಲಿ ಹುಳುಕಿಲ್ಲದ್ದು ನಾಲ್ಕೈದು. ಅವರೆಯಲ್ಲಿ ಚಿಕ್ಕಮ್ಮ ಬೀಜಕ್ಕೆಂದು ಬಿಟ್ಟಿದ್ದ ಗೊಂಚಲುಗಳಿದ್ದವು. ಯಾರೂ ಅಪ್ಪಿತಪ್ಪಿ ಬಿಡಿಸಬಾರದೆಂದು ಒಂದೊಂದಕ್ಕೂ ಹಳೆಯ ಸೀರೆಯಂಚಿನ ಚಿಂದಿ ಕಟ್ಟಿದ್ದಳು. ಅವು ಚೆನ್ನಾಗಿ ಒಣಗಿ, ಅಲುಗಿಸಿದರೆ ಗಿಲಕಿಯಂತೆ ಸದ್ದು ಮಾಡುತ್ತಿದ್ದವು. ಅವನ್ನು ಬುಟ್ಟಿಗೆ ಹಾಕಿಕೊಳ್ಳುವಾಗ ಅನ್ನಿಸಿತು: ಬೀಜ ಯಾಕೆ ಎತ್ತಿಡುತ್ತಿದ್ದೇನೆ? ಎಲ್ಲಿ ಹಾಕುವುದಕ್ಕೆ? ಟೈಲ್ಸಿನ ಸಂದಿಯಲ್ಲೇ?

ಆಮೇಲೆ ಬಳ್ಳಿ. ಅವರೆಯನ್ನು ನಾನು ಬುಡಸಮೇತ ಕೀಳುವುದಿಲ್ಲ. ನೆಲದ ಮಟ್ಟಕ್ಕೆ ಕತ್ತರಿಸಿ ಬೇರನ್ನು ಮಣ್ಣಿನಲ್ಲೇ ಬಿಡುತ್ತೇನೆ, ಮುಂದಿನ ಬೆಳೆಗೆ ಅದೇ ಗೊಬ್ಬರ. ಆದರೆ ಆ ದಿನ ಪೂರ್ತಿ ಕೀಳಬೇಕಿತ್ತಲ್ಲ. ಹಿಡಿದು ಎಳೆದೆ. ಬೇರಿನ ತುಂಬ ಸಾಸಿವೆ ಕಾಳಿನಂಥ ಗಂಟುಗಳು, ಅದರ ಜೊತೆಗೆ ಕಪ್ಪಗೆ ಪುಡಿಪುಡಿಯಾದ ಮಣ್ಣು, ಮಣ್ಣಿನ ಜೊತೆ ಬೆಳಕಿಗೆ ಬಿದ್ದು ಗಾಬರಿಯಾದ ಎರಡು ಎರೆಹುಳು. ಕೈಯಲ್ಲಿ ಹಿಡಿದು ನೋಡುತ್ತಾ ಕೂತೆ. ಸಿಮೆಂಟಿನ ಗಟ್ಟಿ ಇದ್ದ ಜಾಗ ಇದು. ಆರು ಮನೆಯವರು ತಿಂದು ಬಿಸಾಕಿದ್ದೆಲ್ಲ ಏಳೆಂಟು ವರ್ಷ ಕೊಳೆತು ಇದಾಗಿದೆ. ಇದರ ಮೇಲೆ ಜಲ್ಲಿಪುಡಿ ಸುರಿದು, ಗುದ್ದಿ, ಟೈಲ್ಸು ಕೂರಿಸಿ, ಅದರ ಮೇಲೊಂದು ಕಾರಿನ ಎಣ್ಣೆ ತೊಟ್ಟಿಕ್ಕುತ್ತದೆ. ಅದಕ್ಕೆ ನಾನು ಹೆಬ್ಬೆರಳು ಎತ್ತಿದ್ದೇನೆ.

ನನಗೆ ಸಾಮಾನ್ಯವಾಗಿ ಕೋಪ ಬರುವುದಿಲ್ಲ; ಬರುವ ಮುಂಚೆಯೇ ಅದರ ಜಾಗದಲ್ಲಿ ಆತಂಕ ಬಂದು ಕೂತಿರುತ್ತದೆ. ಆವತ್ತು ಯಾಕೋ ಆತಂಕ ಸ್ವಲ್ಪ ತಡಮಾಡಿತು. ಎರೆಹುಳುಗಳನ್ನು ಮಣ್ಣಿಗೆ ಬಿಟ್ಟೆ. ಮಿಕ್ಕ ಬಳ್ಳಿಗಳನ್ನು ಎಂದಿನಂತೆ ನೆಲಮಟ್ಟಕ್ಕೆ ಕತ್ತರಿಸಿದೆ. ಬೇರು ಅಲ್ಲೇ ಇರಲಿ.

ಚಪ್ಪರದ ಹಗ್ಗ ಸುತ್ತಿಡುತ್ತಿದ್ದಾಗ ಹಿತ್ತಿಲ ಬಾಗಿಲಲ್ಲಿ ಕಾರ್ಯದರ್ಶಿಗಳು ಕಂಡರು. ಎರಡೂ ತೋಳಿನಲ್ಲಿ ಬೂದುಗುಂಬಳಕಾಯಿ, ನಾಮಕರಣದ ಮಗುವನ್ನು ಎತ್ತಿಕೊಂಡ ಹಾಗೆ. ತಮ್ಮ ಕಿಟಕಿಯಿಂದ ಬಗ್ಗಿ ತಾವೇ ಕೊಯ್ದು ತಂದಿದ್ದರು. ಬಿಳಿ ಬೂದಿಯೆಲ್ಲ ಅವರ ಬನಿಯನ್ನಿಗೆ ಮೆತ್ತಿತ್ತು.

‘ನೋಡಿಮ್ಮಾ, ನಿಮ್ ಕಾಯಿ. ತಗೊಳ್ಳಿ. ಮಚ್ಚು ಕೊಡಿ, ಹಾಗೇ ಒಡೆದುಕೊಟ್ಟು ಹೋಗ್ತೀನಿ. ನಾಳೆ ಮೇಸ್ತ್ರಿ ಬಂದ್ರೆ ಪುರುಸೊತ್ತಿರಲ್ಲ.’

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು ಎಂಬುದು ನಮ್ಮಲ್ಲಿ ನಡೆದುಬಂದ ಮಾತು. ಒಡೆದರೆ ಮನೆಯ ಗಂಡಸರಿಗೆ ಕೇಡಂತೆ. ಮೊದಲ ಏಟು ಗಂಡಸಿನದೇ ಆಗಬೇಕು. ಆಮೇಲೆ ಈಳಿಗೆ ಮಣೆಯ ಮುಂದೆ ಕೂತು ಸಿಪ್ಪೆ ಹೆರೆದು, ತಿರುಳು ತೆಗೆದು, ಹೋಳು ಮಾಡಿ, ಬೇಯಿಸಿ, ಬಡಿಸಿ, ಪಾತ್ರೆ ತೊಳೆಯುವುದಕ್ಕೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ. ನಮ್ಮ ಮನೆಯಲ್ಲಿ ಗಂಡಸರೆಂದರೆ ಗೋಡೆಯ ಮೇಲಿನ ಫೋಟೋಗಳು. ಹಾಗಾಗಿ ಪ್ರತಿ ವರ್ಷ ಮೇಲಿನಿಂದ ಇವರನ್ನು ಕರೆಯುವುದು, ಇವರು ಬಂದು ಮಚ್ಚಿನಿಂದ ಒಂದು ಏಟು ಹಾಕುವುದು, ಚಿಕ್ಕಮ್ಮ ಕಾಫಿ ಕೊಡುವುದು. ಆ ಒಂದು ಏಟಿನ ನಂತರ ಅವರು ಪೂರ್ತಿ ತೋಟವನ್ನೇ ಬೆಳೆದವರ ಹಾಗೆ ಸುತ್ತ ನೋಡುತ್ತಿದ್ದರು. ನಮಗೂ ಅದು ರೂಢಿಯಾಗಿತ್ತು.

ಚಿಕ್ಕಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಬೇಸಿನ್ ಇಟ್ಟುಕೊಂಡು ಕೂತಿದ್ದಳು. ಆಗಷ್ಟೇ ಬಳ್ಳಿ ಕತ್ತರಿಸಿ ಪಕ್ಕಕ್ಕಿಟ್ಟಿದ್ದ ಮಚ್ಚನ್ನು ಕೈಗೆತ್ತಿಕೊಂಡೆ. ಅವರು ಕಾಯಿಯನ್ನು ಕಲ್ಲಿನ ಮೇಲಿಟ್ಟು ಕೈ ಚಾಚಿದರು. ನಾನು ಕೊಡಲಿಲ್ಲ.

‘ಬೇಡ ಸಾರ್. ನಾನೇ ಒಡೀತೀನಿ.’

‘ಹೆಂಗಸರು ಒಡೀಬಾರದಲ್ಲಮ್ಮಾ.’

‘ಹೌದು ಸಾರ್. ಆದ್ರೂ ಒಡೀತೀನಿ.’

ಅವರು ಚಿಕ್ಕಮ್ಮನ ಕಡೆ ತಿರುಗಿದರು. ‘ಏನಮ್ಮಾ ಇದು, ನೀವಾದ್ರೂ ಹೇಳಿ.’

ತಡಮಾಡಿದ್ದ ಆತಂಕ ಅಷ್ಟರಲ್ಲಿ ಓಡೋಡಿ ಬಂತು. ಬಂಧುಬಳಗದ ಗಂಡಸರೆಲ್ಲ ಕಣ್ಣೆದುರು ಸಾಲಾಗಿ ನಿಂತರು. ಚಾಮರಾಜಪೇಟೆಯ ದೊಡ್ಡಪ್ಪನ ಮಗನಿಗೆ ಸಕ್ಕರೆ ಕಾಯಿಲೆ. ಮಲ್ಲೇಶ್ವರದ ಭಾವನಿಗೆ ಹೋದ ವಾರವಷ್ಟೇ ಸ್ಟೆಂಟ್ ಹಾಕಿದ್ದಾರೆ. ಇವತ್ತು ಸಂಜೆಯೊಳಗೆ ಫೋನ್ ಬಂದರೆ ನನ್ನ ಗತಿಯೇನು? ಮಚ್ಚಿನ ಹಿಡಿ ಬೆವರಿನಿಂದ ಜಾರತೊಡಗಿತು.

ಮಡಿ, ಮೈಲಿಗೆ, ರಾಹುಕಾಲ ಒಂದನ್ನೂ ಬಿಡದ ಚಿಕ್ಕಮ್ಮ ನನ್ನನ್ನೂ ಅವರನ್ನೂ ಕಾಯಿಯನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಕುಳಿತಲ್ಲೇ ಮೆಲ್ಲಗೆ ಹೊರಳಿ, ಗೋಡೆಯ ಕಡೆ ಮುಖ ಮಾಡಿದಳು.

‘ಒಡಿಯೇ. ನಾನು ಈ ಕಡೆ ತಿರುಗಿದೀನಿ. ನಂಗೇನೂ ಕಾಣಿಸ್ತಿಲ್ಲ.’

ಮೊದಲ ಏಟು ಜಾರಿತು. ಕಾಯಿ ಉರುಳಿ ಕಾರ್ಯದರ್ಶಿಗಳ ಕಾಲ ಬಳಿ ನಿಂತಿತು. ಅವರು ಸಭ್ಯರು, ಬಗ್ಗಿ, ಕಾಯಿಯನ್ನು ಮತ್ತೆ ಕಲ್ಲಿನ ಮೇಲಿಟ್ಟರು. ಎರಡನೆಯ ಏಟಿಗೆ ಮಚ್ಚು ಅರ್ಧ ಇಳಿದು ಸಿಕ್ಕಿಕೊಂಡಿತು. ‘ಕೊಡಿಮ್ಮಾ ಇಲ್ಲಿ’ ಎಂದರು. ‘ಬೇಡ ಸಾರ್’ ಎಂದೆ. ಮಚ್ಚು ಸಮೇತ ಕಾಯಿಯನ್ನೇ ಎತ್ತಿ ಕಲ್ಲಿಗೆ ಕುಕ್ಕಿದೆ. ಪಟಾರೆಂದು ಇಬ್ಭಾಗವಾಯಿತು. ಒಳಗೆ ಬೆಳ್ಳಗೆ, ತಣ್ಣಗೆ, ಬೀಜ ತುಂಬಿಕೊಂಡಿತ್ತು. ಇದೇ ಬಿರುಸಿನಲ್ಲಿ ಹೇಳದಿದ್ದರೆ ಇನ್ನು ಜನ್ಮದಲ್ಲಿ ಹೇಳಲಾರೆ ಅನ್ನಿಸಿ, ಏದುಸಿರು ಬಿಡುತ್ತಲೇ ಹೇಳಿದೆ.

‘ಟೈಲ್ಸೂ ಬೇಡ ಸಾರ್. ಹಾಕೋಕೆ ನಾನು ಬಿಡಲ್ಲ.’

‘ಏನು?’

‘ಈ ಮಣ್ಣು ಮುಚ್ಚೋಕೆ ಬಿಡಲ್ಲ.’

‘ಅಲ್ಲಮ್ಮಾ, ಮೀಟಿಂಗಲ್ಲಿ ನೀವೇ ಹೂಂ ಅಂದ್ರಲ್ಲ!’

‘ಅಂದೆ. ಹೆದರ್ಕೊಂಡು ಅಂದೆ. ಈಗ್ಲೂ ಹೆದರಿಕೆ ಇದೆ, ಆದ್ರೂ ಇಲ್ಲ ಅಂತಿದೀನಿ.’

‘ಎಲ್ಲಾರೂ ಒಪ್ಪಿದಾರೆ.’

‘ನಾನು ಒಪ್ಪಿಲ್ಲ. ಆರು ಮನೇಲಿ ನಮ್ದೂ ಒಂದು.’

‘ಮೇಸ್ತ್ರಿಗೆ ಹೇಳಾಗಿದೆ. ಟೈಲ್ಸ್ ಆಗ್ಲೇ ಟೆಂಪೋ ಹತ್ತಿದೆ. ನನ್ನ ಕಾರು ಎಲ್ಲಿ ನಿಲ್ಲಿಸ್ಲಿ ಹೇಳಿ?’

‘ಈಗ ಎಲ್ಲಿದ್ಯೋ ಅಲ್ಲೇ, ಸಾರ್.’

ಇಷ್ಟು ಒರಟಾಗಿ ನಾನು ಯಾರ ಜೊತೆಗೂ ಮಾತಾಡಿದವಳಲ್ಲ. ಅವರ ಮುಖದಲ್ಲಿ ಆ ಗೀರು ಸವರುವಾಗಿನ ನೋವೇ ಕಂಡಿತು. ಕ್ಷಮಿಸಿ ಅನ್ನಲು ಬಾಯಿ ತೆರೆಯಿತು. ಹಲ್ಲು ಕಚ್ಚಿ ಮುಚ್ಚಿಕೊಂಡೆ. ಅವರು ಬನಿಯನ್ನಿನ ಬೂದಿ ಕೊಡವಿಕೊಂಡು ಮೆಟ್ಟಿಲು ಹತ್ತಿದರು.

ಗೋಡೆಯ ಕಡೆಯಿಂದ ಚಿಕ್ಕಮ್ಮನ ದನಿ ಬಂತು: ‘ಒಡೀತಾ?’

‘ಒಡೀತು.’

‘ಅರ್ಧ ಅವರ ಮನೆಗೆ ಕೊಟ್ಟು ಬಾ. ಜಗಳ ಬೇರೆ, ಕುಂಬಳಕಾಯಿ ಬೇರೆ.’

ಕೊಟ್ಟು ಬಂದೆ. ಅವರ ಹೆಂಡತಿ ತೆಗೆದುಕೊಂಡರು. ಬಾಗಿಲು ಹಾಕುವ ಮುಂಚೆ ತಗ್ಗಿದ ದನಿಯಲ್ಲಿ, ‘ಮುಂದಿನ ಸಲ ದಂಟು ಸ್ವಲ್ಪ ಜಾಸ್ತಿ ಹಾಕ್ರೀ’ ಅಂದರು.

ಮಧ್ಯಾಹ್ನ ಊಟವಾದ ಮೇಲೆ ನಾನು ಮಲಗಲಿಲ್ಲ. ಒಣಗಿದ್ದನ್ನೆಲ್ಲ ಕತ್ತರಿಸಿ ಗೊಬ್ಬರದ ಗುಂಡಿಗೆ ತುಂಬಿದೆ. ನೆಲ ಗುಡಿಸಿದೆ. ಮಣ್ಣನ್ನು ಸಡಿಲಿಸಿ, ಪಾತಿ ಮಾಡಿ, ಬೆಂಡೆ ಊರಿದೆ, ಸೌತೆ ಊರಿದೆ, ಅಂಚಿನುದ್ದಕ್ಕೂ ದಂಟು ಚೆಲ್ಲಿದೆ. ಮೇಲೆ ನಾಲ್ಕು ಕಿಟಕಿಗಳಿಂದ ನೋಡುತ್ತಿದ್ದರು. ನೋಡಲಿ ಎಂದೇ ನೀರು ಹಾಕಿದೆ.

ಸೋಮವಾರ ನಾನು ಕೆಲಸ ಮಾಡುವ ಕಾಲೇಜಿನ ಆಫೀಸಿಗೆ ರಜೆ ಹೇಳಿ, ಪಾತಿಯ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಮೇಸ್ತ್ರಿ ಬಂದು ನೋಡಿದ. ‘ಮೇಡಂ, ಸ್ವಲ್ಪ ಎದ್ದೇಳ್ತೀರಾ?’ ‘ಇಲ್ಲಪ್ಪಾ’ ಎಂದೆ. ಧೀರೋದಾತ್ತವಾಗಿ ಹೇಳಿದೆನಾದರೂ ಬೆಳಗಿನಿಂದ ಹೆದರಿಕೆಗೆ ಕುಡಿದ ಮೂರು ಲೋಟ ಕಾಫಿ ತನ್ನ ಕೆಲಸ ಶುರುಮಾಡಿತ್ತು. ನಾನು ಬಚ್ಚಲಿಗೆ ಹೋದ ಗಳಿಗೆಯಲ್ಲೇ ಜಲ್ಲಿಪುಡಿ ಸುರಿದುಬಿಟ್ಟರೆ? ಕೊನೆಗೆ ಚಿಕ್ಕಮ್ಮನನ್ನು ಕರೆದು ಕುರ್ಚಿಯಲ್ಲಿ ಕೂರಿಸಿ ಓಡಿದೆ. ತಿರುಗಿ ಬರುವಷ್ಟರಲ್ಲಿ ಆಕೆ ಮೇಸ್ತ್ರಿಯ ಊರು, ಮಕ್ಕಳು, ಮಂಡಿನೋವು ಎಲ್ಲ ವಿಚಾರಿಸಿ ಮುಗಿಸಿದ್ದಳು. ಮೇಲಿನ ಕಿಟಕಿ ತೆರೆಯಿತು. ಕಾರ್ಯದರ್ಶಿಗಳು ಎಂಬತ್ತು ದಾಟಿದ ಹೆಂಗಸನ್ನೂ, ಕುರ್ಚಿಯನ್ನೂ, ಒದ್ದೆ ಪಾತಿಯನ್ನೂ ನೋಡಿದರು.

‘ಟೈಲ್ಸ್ ಮುಂದುಗಡೆ ಇಳಿಸಪ್ಪಾ’ ಎಂದರು ಮೇಸ್ತ್ರಿಗೆ. ನನಗೆ, ‘ಇದನ್ನ ಮೀಟಿಂಗಲ್ಲಿ ಇಡ್ತೀನಿ ನಾನು.’

‘ಇಡಿ ಸಾರ್.’

ಟೈಲ್ಸುಗಳು ಗೇಟಿನ ಪಕ್ಕದಲ್ಲಿ ಎದೆಮಟ್ಟಕ್ಕೆ ಅಟ್ಟಿಯಾಗಿ ನಿಂತಿವೆ. ದಿನವಿಡೀ ಬಿಸಿಲು ಬೀಳುವ ಜಾಗ. ನಮ್ಮ ಪಾಲಿನ ಬೂದುಗುಂಬಳದ ತಿರುಳಿಗೆ ಅರಳು, ಹಸಿಮೆಣಸಿನಕಾಯಿ, ಇಂಗು ಬೆರೆಸಿ ಚಿಕ್ಕಮ್ಮ ಅವುಗಳ ಮೇಲೆ ಪಂಚೆ ಹಾಸಿ ಸಂಡಿಗೆ ಇಟ್ಟಳು. ಹಾಲು ತರಲು ಹೊರಟ ಕಾರ್ಯದರ್ಶಿಗಳು ಅಟ್ಟಿಯ ಮುಂದೆ ನಿಂತರು.

‘ಏನಮ್ಮಾ ಇದು?’

‘ಸಂಡಿಗೆ ಕಣಪ್ಪಾ. ಮುಟ್ಬೇಡಿ, ಇನ್ನೂ ಹಸಿ.’

ಮೀಟಿಂಗು ಬರುವ ಭಾನುವಾರ. ಚಾಮರಾಜಪೇಟೆಯವನೂ ಮಲ್ಲೇಶ್ವರದವರೂ ಸದ್ಯಕ್ಕೆ ಕ್ಷೇಮ. ದಿನಕ್ಕೊಮ್ಮೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುತ್ತಿದ್ದೇನೆ, ಯಾಕೆಂದು ಅವರಿಗೆ ಹೇಳಿಲ್ಲ. ಭಾನುವಾರ ಟೆರೇಸಿನಲ್ಲಿ ಏನಾಗುತ್ತದೆಂದು ಗೊತ್ತೇ ಇದೆ. ಎಲ್ಲರೂ ಒಟ್ಟಿಗೆ ನನ್ನ ಕಡೆ ನೋಡುತ್ತಾರೆ, ನನ್ನ ತಲೆ ತಾನಾಗಿ ಆಡಲು ನೋಡುತ್ತದೆ. ಅದಕ್ಕೇ ಬಚ್ಚಲ ಕನ್ನಡಿಯ ಮುಂದೆ ಅಭ್ಯಾಸ ನಡೆದಿದೆ. ಎಷ್ಟು ಗದರಿಕೊಂಡರೂ ‘ಇಲ್ಲ’ದ ಹಿಂದೆ ಒಂದು ‘ಸಾರ್’ ಬಂದೇ ಬರುತ್ತದೆ. ಬರಲಿ. ಇಲ್ಲ ಸಾರ್. ಬೆಂಡೆ ಎರಡೆಲೆ ಬಿಟ್ಟಿದೆ, ಇಲ್ಲ ಸಾರ್.