ನನ್ನ ಪಾಲಿನ ಉಪವಾಸ

ಕಳೆದ ತಿಂಗಳು ಶಿಡ್ಲಘಟ್ಟದಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಬೇಯುತ್ತಿರುವ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿಯಿತು. ಬೀದರ್‌ನಿಂದ ಟೀಚರ್ ಕೆಲಸಕ್ಕೆಂದು ಈ ಊರಿಗೆ ಬಂದ ಹೊಸತರಲ್ಲಿ ಮೂಗಿಗೆ ಸೆರಗು ಹಿಡಿದೇ ನಡೆಯುತ್ತಿದ್ದೆ. ಆಮೇಲಾಮೇಲೆ ಆ ವಾಸನೆಯೆಂದರೆ ಪಕ್ಕದ ಮನೆಯ ಅಕ್ಕ ಎಂದೇ ಆಗಿಹೋಯಿತು. ಅವರ ಸೀರೆಯಲ್ಲಿ, ಬಿಸಿನೀರಲ್ಲಿ ನೆಂದು ಬಿಳಿಚಿಕೊಂಡ ಬೆರಳುಗಳಲ್ಲಿ...

ಅಕ್ಕ ನಮ್ಮ ಬೀದಿಯ ಕೊನೆಯಲ್ಲಿ ಗೂಡಿನಿಂದ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿದ್ದು ಅದರಿಂದಲೇ. ಅವರ ಗೋಡೆಯ ಮೇಲಿದ್ದದ್ದು ಒಂದೇ ಪಟ, ಬುದ್ಧನದು. ನನ್ನ ಮನೆಯಲ್ಲೋ ಕಪಾಟಿನ ತುಂಬ ದೇವರು.

ಆಗ ನಾನು ಎಂಟು ತಿಂಗಳ ಬಸುರಿ. ರಕ್ತ ಕಾಣಿಸಿಕೊಂಡಿದ್ದರಿಂದ ಪ್ರಯಾಣವಿರಲಿ, ಮಂಚ ಬಿಟ್ಟು ಏಳಲೂ ಬೇಡಿ ಎಂದಿದ್ದರು ಡಾಕ್ಟರು. ಅದೇ ವಾರ ಬೀದರ್‌ನಲ್ಲಿ ಅಪ್ಪನಿಗೆ ಎದೆನೋವು ಬಂತು. ಹೈದರಾಬಾದಿಗೆ ಕರೆದೊಯ್ದರು. ಎದೆ ತೆರೆದು ಆಪರೇಷನ್ ಮಾಡಬೇಕು, ಖಾತ್ರಿ ಕೊಡಲಾಗದು ಎಂದರಂತೆ. ನನ್ನ ಬದಲು ಗಂಡ ಹೊರಟರು. ಹೊರಡುವಾಗ ಮನೆಯ ಇನ್ನೊಂದು ಬೀಗದಕೈಯನ್ನು ಅಕ್ಕನಿಗೆ ಕೊಟ್ಟರು.

ಆಪರೇಷನ್ನಿನ ಹಿಂದಿನ ರಾತ್ರಿ ನಾನು ಯಾರಿಗೂ ಹೇಳದೆ ಹರಕೆ ಹೊತ್ತೆ. ಅಪ್ಪ ಕಣ್ಣು ಬಿಡುವವರೆಗೂ ತೊಟ್ಟು ನೀರನ್ನೂ ಮುಟ್ಟುವುದಿಲ್ಲ ಎಂದು. ಅಷ್ಟು ದೂರದಲ್ಲಿ ಮಲಗಿಕೊಂಡು ಬೇರೇನು ಮಾಡಲಿ?

ಬೆಳಿಗ್ಗೆ ಎಂಟಕ್ಕೆ ಅಪ್ಪನನ್ನು ಒಳಗೆ ಕರೆದೊಯ್ದರು. ಮಧ್ಯಾಹ್ನವಾದರೂ ಸುದ್ದಿಯಿಲ್ಲ. ನಾಲಿಗೆ ಒಣಗಿ ಅಂಟುತ್ತಿತ್ತು. ಫೋನನ್ನೇ ನೋಡುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಹೊಳೆಯಿತು: ಬೆಳಗಿನಿಂದ ಹೊಟ್ಟೆಯಲ್ಲಿ ಮಗು ಅಲುಗಾಡಿಯೇ ಇಲ್ಲ.

ಊಟದ ಬಿಡುವಿನಲ್ಲಿ ಗಂಜಿ ಹಿಡಿದು ಬಂದ ಅಕ್ಕ, ಬೆಳಿಗ್ಗೆ ತಾವು ಇಟ್ಟುಹೋಗಿದ್ದ ಇಡ್ಲಿ ಹಾಗೇ ಇದ್ದುದನ್ನು ಕಂಡರು. ಅಳುತ್ತಲೇ ಎಲ್ಲ ಹೇಳಿದೆ. "ಹರಕೆ ಮುರದ್ರ ನಮ್ಮಪ್ಪಗ ಏನರೆ ಆಗ್ತದ ಅಕ್ಕಾ."

ಅಲ್ಲಿಯವರೆಗೂ 'ಟೀಚರ್, ನೀವು' ಎನ್ನುತ್ತಿದ್ದವರು ಅಂದು ಮೊದಲ ಸಲ ನೀನು ಎಂದರು.

"ಆ ಉಪವಾಸ ನನಗೆ ಕೊಟ್ಬಿಡಮ್ಮ. ನಾನು ಮಾಡ್ತೀನಿ. ನೀನು ಗಂಜಿ ಕುಡಿ."

"ನೀವು ನಮ್ಮ ದೇವರನ್ನ ನಂಬಂಗಿಲ್ಲಲ್ಲ..."

"ನಿನ್ನ ನಂಬ್ತೀನಲ್ಲ ಕಣೇ. ನಿಮ್ಮ ದೇವರಿಗೆ ಹೇಳು, ಆ ಹುಡುಗಿ ಬದಲು ಇನ್ನೊಬ್ಬಳು ಹಸ್ಕೊಂಡಿದಾಳೆ ಅಂತ. ಪಾಪ ಬಂದ್ರೆ ನನಗೇ ಬರ್ಲಿ."

ಕುಡಿದೆ. ಒಂದೊಂದು ಗುಟುಕಿಗೂ ಅಪ್ಪನನ್ನು ನಾನೇ ಕೊಲ್ಲುತ್ತಿದ್ದೇನೆ ಅನ್ನಿಸುತ್ತಿತ್ತು. ಅಕ್ಕ ನನ್ನನ್ನು ಎಡಮಗ್ಗುಲಿಗೆ ಮಲಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟರು. "ಇನ್ನು ಸ್ವಲ್ಪ ನೋಡಣ, ಆಮೇಲೆ ಆಟೋ ಕರೀತೀನಿ." ಎಷ್ಟು ಹೊತ್ತೋ... ಅವರ ಅಂಗೈಯಡಿ ಮಗು ಒಮ್ಮೆ ಒದೆಯಿತು. ಮತ್ತೊಮ್ಮೆ. ಅಕ್ಕ ಕಣ್ಣು ಮುಚ್ಚಿಕೊಂಡರು.

ತಮ್ಮ ಬುತ್ತಿ ಬಿಚ್ಚದೆ ಅವರು ವಾಪಸ್ಸು ಕೆಲಸಕ್ಕೆ ಹೋದರು, ಆ ಕುದಿನೀರಿನ ಹಬೆಯ ಮುಂದೆ ನಿಲ್ಲಲು. ಸಂಜೆ ಗಂಡನ ಫೋನು ಬಂತು. ಆಪರೇಷನ್ ಮುಗಿದಿದೆ, ಎಚ್ಚರ ಬಂದಿಲ್ಲ. "ಹಂಗಾದ್ರೆ ಇನ್ನೂ ಮುಗ್ದಿಲ್ಲ" ಎಂದಷ್ಟೇ ಅಂದರು ಅಕ್ಕ.

ಮಾರನೆಯ ಬೆಳಿಗ್ಗೆ ಗಂಡ ಫೋನನ್ನು ಅಪ್ಪನ ಕಿವಿಗೆ ಹಿಡಿದರು. ಎಲ್ಲೋ ಆಳದಿಂದ ಬಂದ ಹಾಗಿತ್ತು ಆ ದನಿ. "ಉಂಡಿ ಏನವ್ವಾ?"

"ಉಂಡೀನಪ್ಪಾ" ಎಂದೆ.

ಬಾಗಿಲಲ್ಲಿ ನಿಂತಿದ್ದ ಅಕ್ಕನ ತುಟಿ ಒಡೆದಿತ್ತು. ಆಗ ಒಂದು ಲೋಟ ನೀರು ಬಗ್ಗಿಸಿಕೊಂಡು, ಅಲ್ಲೇ ಗೋಡೆಗೆ ಒರಗಿ ಕೂತು ಕುಡಿದರು.

ಅಪ್ಪ ಆಮೇಲೆ ಐದು ವರ್ಷ ಬದುಕಿದರು. ಮೊಮ್ಮಗಳನ್ನು ಹೆಗಲ ಮೇಲೆ ಹೊತ್ತು ತಿರುಗಿದರು. ನನಗೆ ಬೀದರ್‌ಗೆ ವರ್ಗವಾಯಿತು. ಅಕ್ಕನಿಗೆ ಮೊದಮೊದಲು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ, ಆಮೇಲೆ ಹಬ್ಬಕ್ಕೆ, ಆಮೇಲೆ...

ಕಳೆದ ತಿಂಗಳು ಮಗಳನ್ನು ತೋರಿಸೋಣವೆಂದು ಹೇಳದೆ ಕೇಳದೆ ಹೋದೆ. ಬಾಗಿಲು ತೆಗೆದದ್ದು ಅಕ್ಕನ ಮಗಳು. ಅಕ್ಕ ಹೋಗಿ ಏಳು ತಿಂಗಳಾಗಿತ್ತು.

"ಒಂದು ತಿಂಗಳು ಮಲಗಿದ್ರು. ನಿಮಗೆ ಫೋನ್ ಮಾಡ್ತೀನಿ ಅಂದೆ. ಬೇಡ ಕಣೇ, ಅಷ್ಟು ದೂರದಲ್ಲಿ ಒಬ್ಬಳೇ ಸಂಕಟ ಪಡ್ತಾಳೆ ಅಂದ್ರು ಅಮ್ಮ."

ಆ ತಿಂಗಳೆಲ್ಲ ನಾನು ಬೀದರ್‌ನಲ್ಲಿ ಮೂರು ಹೊತ್ತೂ ಉಂಡುಕೊಂಡಿದ್ದೆ.